ಅವ್ವನ ಪಾಲಿನ ತುತ್ತು

ಅವ್ವ ತೀರಿಕೊಂಡ ಮಧ್ಯಾಹ್ನ ನಾನು ಎಲ್ಲಿದ್ದೆ ಎಂಬುದು ನನಗೆ ಖಚಿತವಿಲ್ಲ. ನೆನಪು ನನ್ನನ್ನು ಎರಡು ಕಡೆ ನಿಲ್ಲಿಸುತ್ತದೆ. ಒಂದರಲ್ಲಿ ಅಪ್ಪನ ಹೆಗಲ ಮೇಲೆ ಕೂತು, ಊರ ಹೊರಗಿನ ಕಾಲುವೆಗೆ ಮೊದಲ ಸಲ ನೀರು ಬರುವುದನ್ನು ನೋಡುತ್ತಿದ್ದೇನೆ. ಮುಂದೆ ಕಸಕಡ್ಡಿ, ನೊರೆ, ಯಾರದೋ ಹರಿದ ಚಪ್ಪಲಿ. ಅದರ ಬೆನ್ನಿಗೆ ಕೆಂಪು ನೀರು. ದಂಡೆಯ ಮೇಲೆ ಹೆಂಗಸರು ಅರಿಷಿಣ ಕುಂಕುಮ ಎರಚುತ್ತಿದ್ದಾರೆ. ಇನ್ನೊಂದರಲ್ಲಿ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದೇನೆ. ಒಳಗೆ ಕತ್ತಲು. ಕೌದಿಯ ಮೇಲೆ ಮಲಗಿದ್ದ ಅವ್ವನನ್ನು ಯಾರೋ ಎಬ್ಬಿಸಿ ಗೋಡೆಗೆ ಒರಗಿಸಿದ್ದಾರೆ. ಅವಳ ಬಾಯಿಗೆ ಬಿಳಿ ಅನ್ನದ ತುತ್ತು ಹೋಗುತ್ತಿದೆ. ತುತ್ತು ಹಿಡಿದ ಕೈ ಕಾಣುತ್ತದೆ, ಆ ಕೈಯವರ ಮುಖ ಕಾಣುವುದಿಲ್ಲ.

ನೀರು ಬಂದ ದಿನವೇ ಅವ್ವ ಹೋದಳು. ಇದರಲ್ಲಿ ಊರಿನ ಯಾರಿಗೂ ಅನುಮಾನವಿಲ್ಲ. ಶಹಾಪುರ, ಸುರಪುರಗಳ ನಡುವಿನ ನಮ್ಮ ಆ ಸಣ್ಣ ಊರಿನಲ್ಲಿ ಇವತ್ತಿಗೂ ಅವಳು ‘ನೀರು ಬಂದ ದಿನ ಹೋದಾಕಿ’. ಹಾಗಾಗಿ ನನ್ನ ಎರಡೂ ನೆನಪುಗಳು ಒಂದೇ ಮಧ್ಯಾಹ್ನದವು. ಕಾಲುವೆ ಮನೆಯಿಂದ ದೂರ. ಏಳು ವರ್ಷದ ಹುಡುಗ ಎರಡೂ ಕಡೆ ಇರಲಾರ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು, ಯಾದಗಿರಿಯ ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಎರಡು ಆಧಾರಗಳು ಒಂದನ್ನೊಂದು ಸುಳ್ಳು ಮಾಡಿದರೆ ಕನಿಷ್ಠ ಒಂದಾದರೂ ಸುಳ್ಳು, ಎರಡೂ ಸುಳ್ಳಾಗಿರಬಹುದು ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ನನ್ನ ಮನೆಯ ಈ ಎರಡು ಆಧಾರಗಳನ್ನು ಮಾತ್ರ ಬಹಳ ವರ್ಷ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಬಿದ್ದಿರಲಿಲ್ಲ. ಅಕ್ಕನ ಆಪರೇಷನ್ನಿನ ಮಾತು ಬಂದಾಗ ಬಿತ್ತು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಶಹಾಪುರದ ಸರಕಾರಿ ಶಾಲೆಯಲ್ಲಿ ಒಂದನೇ ಇಯತ್ತೆಯ ಟೀಚರು. ಅಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಸುತ್ತಲೂ ಕೂತು ಕಲಿಸಬೇಕು. ಅಕ್ಕನಿಗೆ ನೆಲಕ್ಕೆ ಕೂರಲಾಗುತ್ತಿರಲಿಲ್ಲ. ಕೂತರೆ ಏಳಲು ಇಬ್ಬರು ಬೇಕು. ಕೈಗಳಿಲ್ಲದ ಕುರ್ಚಿಯೊಂದನ್ನು ಮಧ್ಯೆ ಹಾಕಿಸಿಕೊಂಡು ಅದರ ಮೇಲಿಂದ ಕಲಿಸುತ್ತಿದ್ದಳು. ಅವಳ ಕಾಲ ಬುಡದಲ್ಲಿ ಕೂತ ಮಕ್ಕಳು ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ನೋಯುತ್ತದೆ ಅನ್ನುತ್ತಿದ್ದರಂತೆ. ಇದನ್ನು ಅವಳೇ ನಗುತ್ತಾ ಹೇಳುತ್ತಿದ್ದಳು. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಎಲ್ಲ ಇದ್ದವು. ಅವುಗಳಿಗಿಂತ ನನ್ನನ್ನು ಹೆದರಿಸಿದ್ದು ಮಾವ, ಅಂದರೆ ಅಕ್ಕನ ಗಂಡ, ಒಂದು ದಿನ ಹೇಳಿದ ಮಾತು. ಅವನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ. ಮೋಟಾರುಗಳನ್ನು ಬಿಟ್ಟರೆ ಬೇರೆ ಹೋಲಿಕೆ ಅವನ ಬಾಯಿಗೆ ಬರುವುದಿಲ್ಲ.

“ಮಲಗಿದಾಗ ಅಕೀ ಉಸುರು ನಿಂತು ಬಿಡ್ತದ್ರಿ, ಮೋಟಾರು ಬಂದ್ ಬಿದ್ದಂಗ,” ಅಂದ. “ನಾ ಎದ್ದು ಕುಂದರ್ತೀನಿ. ಮತ್ತ ಚಾಲು ಆಗೋತನಕ ನನ್ನ ಉಸುರೂ ನಿಂತಿರ್ತದ.”

ಅಕ್ಕ ದಪ್ಪಗಾದದ್ದಕ್ಕೆ ನಮ್ಮ ಮನೆಯಲ್ಲಿ ಒಂದು ಕಾರಣವಿತ್ತು. ಡಾಕ್ಟರ ಕಾಗದದಲ್ಲಿ ಬರೆಯುವಂಥ ಕಾರಣವಲ್ಲ.

ನಮ್ಮ ಮನೆತನದಲ್ಲಿ ಹೆಣ್ಣು ಸತ್ತರೆ ಅವಳಿಗೆ ಇಟ್ಟ ಎಡೆಯನ್ನು ಹಿರಿಮಗಳೇ ಉಣ್ಣಬೇಕು. ಚೆಲ್ಲಬಾರದು, ದನಕ್ಕೆ ಹಾಕಬಾರದು, ಬೇರೆಯವರಿಗೆ ದಾಟಿಸಬಾರದು. ಉಳಿದ ಮನೆಗಳಂತೆ ನಮ್ಮಲ್ಲೂ ಇದು ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಗೆ. ಅಕ್ಕ ಅದನ್ನು ಪ್ರತಿ ಅಮಾವಾಸ್ಯೆಗೆ ಮಾಡಿಕೊಂಡಳು. ಆಮೇಲೆ ಯಾವಾಗಲೋ ದಿನಾಲೂ. ತನ್ನ ಊಟ ಮುಗಿದ ಮೇಲೆ ಇನ್ನೊಂದೆರಡು ರೊಟ್ಟಿ, ಒಂದು ಹಿಡಿ ಅನ್ನ ಹಾಕಿಕೊಂಡು “ಇದು ಅವ್ವಂದು” ಅನ್ನುತ್ತಿದ್ದಳು. ಹೊಟ್ಟೆ ತುಂಬಿದ್ದರೂ ಉಣ್ಣುತ್ತಿದ್ದಳು, ಸಿಟ್ಟು ಬಂದಿದ್ದರೂ ಉಣ್ಣುತ್ತಿದ್ದಳು. ಜ್ವರ ಬಂದ ದಿನ ತನ್ನ ಪಾಲು ಬಿಟ್ಟು ಅವ್ವನ ಪಾಲು ಮಾತ್ರ ಉಂಡದ್ದನ್ನು ನಾನೇ ನೋಡಿದ್ದೇನೆ. ನೋಡಿದ್ದೇನೆ ಎಂದು ಬರೆಯುವಾಗ ಈಗ ಕೈ ತಡೆಯುತ್ತದೆ. ಆದರೂ ಇದನ್ನು ನೋಡಿದ್ದೇನೆ.

ಯಾಕೆಂದು ಕೇಳಿದರೆ ಅವಳ ಉತ್ತರ ಒಂದೇ. ನೀರು ಬಂದ ದಿನ ಊರೆಲ್ಲ ಕಾಲುವೆಗೆ ಹೋಗಿತ್ತು. ಬಹಳ ದಿನದಿಂದ ಮಲಗಿದ್ದ ಅವ್ವನ ಬಳಿ ಇದ್ದದ್ದು ತಾನೊಬ್ಬಳೇ.

“ಹಸಿವ್ಯಾಗ್ಯಾದವಾ ಅಂದ್ಲು. ಎಷ್ಟೋ ದಿನದ ಮ್ಯಾಲೆ ಬಾಯಿ ಬಿಟ್ಟು ಕೇಳಿದ್ಲು. ಬುಟ್ಟ್ಯಾಗ ನೋಡಿದ್ರ ಒಣ ರೊಟ್ಟಿನೂ ಇದ್ದಿಲ್ಲ. ಹಸಕೊಂಡೇ ಹೋದ್ಲು ತಮ್ಮಾ.”

ಇಷ್ಟು ಹೇಳಿ ಅವಳು ಯಾವಾಗಲೂ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು, ಈಗಷ್ಟೇ ಉಂಡವಳಂತೆ.

ಮಂಡಿ ತೋರಿಸಲೆಂದು ಹೈದರಾಬಾದಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಮಂಡಿಯನ್ನು ನೋಡಿ, ಅಕ್ಕನನ್ನು ನೋಡಿ, ಮಂಡಿಯ ಮಾತು ಬಿಟ್ಟರು. ದುರ್ಬೀನಿನಿಂದ ಮಾಡುವ ಆಪರೇಷನ್ ಒಂದಿದೆ, ಜಠರದ ಬಹುಪಾಲನ್ನು ತೆಗೆದು ಸಣ್ಣ ಚೀಲದಷ್ಟು ಉಳಿಸುತ್ತೇವೆ, ಆಮೇಲೆ ಹಿಡಿಯಷ್ಟು ಉಂಡರೆ ಹೊಟ್ಟೆ ತುಂಬುತ್ತದೆ, ತೂಕ ಇಳಿದರೆ ಸಕ್ಕರೆಯೂ ಉಸಿರೂ ಹಿಡಿತಕ್ಕೆ ಬರಬಹುದು, ಅಪಾಯ ಇಲ್ಲವೆಂದಲ್ಲ, ಹೀಗೇ ಬಿಟ್ಟರೂ ಅಪಾಯವೇ ಎಂದರು. ಊಟದ ವಿಚಾರ ಕೇಳಿ ಬರೆದುಕೊಳ್ಳಲು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ರಾಯಚೂರು ಕಡೆಯ ಹುಡುಗಿ, ಕನ್ನಡ ಬರುತ್ತಿತ್ತು.

“ಮನ್ಯಾಗ ಎಷ್ಟು ಮಂದಿಗಿ ಅಡಗಿ ಮಾಡ್ತೀರಿ?”

“ಮೂರು ಮಂದಿಗಿ. ನಾನು, ಇವರು, ನಮ್ಮವ್ವ.”

“ಅವ್ವಾರಿಗೂ ಶುಗರ್ ಅದೇನ್ರಿ?”

“ಇಲ್ಲವಾ, ಅಕೀಗಿ ಅಂಥಾದ್ದು ಏನೂ ಇಲ್ಲ.”

“ಅವ್ವಾರದು ಊಟ ಹ್ಯಾಂಗದ?”

“ಚಲೋ ಅದ. ದಿನಾ ಎರಡು ರೊಟ್ಟಿ, ಹಿಡಿ ಅನ್ನ. ಅಮಾಸಿಗಿ ಹೋಳಿಗಿ.”

ಮಾವ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದ.

“ವಯಸ್ಸು ಎಷ್ಟ್ರಿ ಅವ್ವಾರದು?”

“ಮೂವತ್ತೆರಡು.”

ಹುಡುಗಿಯ ಪೆನ್ನು ನಿಂತಿತು. ಎದುರಿಗೆ ಕೂತ ಅಕ್ಕನಿಗೆ ಐವತ್ತರ ಸಮೀಪ. ಆ ಹುಡುಗಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ: ನಮ್ಮ ಮನೆಯಲ್ಲಿ ಅವ್ವ ಇನ್ನೂ ಊಟ ಮಾಡಿಕೊಂಡು ಇದ್ದಾಳೆ, ನಮ್ಮಿಬ್ಬರಿಗಿಂತ ಚಿಕ್ಕವಳಾಗಿ.

ಊರಿಗೆ ಬಂದ ಮೇಲೆ ಖರ್ಚಿನ ಮಾತು. ಸರಕಾರದ ಆರೋಗ್ಯ ಕಾರ್ಡಿನಲ್ಲಿ ಈ ಆಪರೇಷನ್ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ಅಕ್ಕನ ಜಿಪಿಎಫ್‌ನಿಂದ ತೆಗೆಯಬಹುದಾದದ್ದು ಅರ್ಧಕ್ಕೂ ಸಾಲದು. ಉಳಿದದ್ದು ಅವ್ವನ ಹೊಲ. ಮದುವೆಯಾದಾಗ ತವರಿನವರು ಅರಿಷಿಣ ಕುಂಕುಮಕ್ಕೆಂದು ಅವಳಿಗೆ ಕೊಟ್ಟ ನಾಲ್ಕು ಎಕರೆ. ಆಗ ಬರೀ ಜೋಳ ಬೆಳೆಯುವ ಒಣಭೂಮಿ. ಅವ್ವ ಹೋದ ಮೇಲೆ ಕಾಲುವೆ ನೀರು ಹತ್ತಿ ಭತ್ತದ ಗದ್ದೆಯಾಯಿತು. ಹೊಲದ ಒಡತಿ ಅದರಲ್ಲಿ ನೀರು ನಿಂತದ್ದನ್ನು ನೋಡಲಿಲ್ಲ.

ಮಾರುವ ಮಾತು ಎತ್ತಿದ್ದು ನಾನೇ. ಅಕ್ಕ ಕೈ ಅಡ್ಡ ಹಿಡಿದಳು.

“ಅವ್ವನ ಎಡಿಗಿ ಅದೇ ಹೊಲದ್ದು ಅಕ್ಕಿ. ಹೊಲಾ ಮಾರಿ, ಹೊಟ್ಟಿನೂ ಕೊಯ್ಸಿಕೊಂಡ್ರ ಅಕೀಗಿ ಉಳಿಯೋದರ ಏನು?”

“ಪ್ರೊಫೆಸರ್ ಸಾಹೇಬ್ರ,” ಅಂದ ಮಾವ, “ಕೆಟ್ಟ ಮೋಟಾರು ಬಿಚ್ಚೋದು ನನಗ ಗೊತ್ತದ. ಓಡೋ ಮೋಟಾರು ಯಾರಾರ ಬಿಚ್ತಾರೇನ್ರಿ?”

“ಓಡೋ ಮೋಟಾರಂತ! ಮೆಟ್ಲ ಹತ್ತಿದ್ರ ಹೊಗಿ ಬರ್ತದ,” ಅಂದಳು ಅಕ್ಕ.

“ಅದಕ್ಕ ನಾ ನಿನ್ನ ಮೆಟ್ಲ ಇಲ್ಲದ ಮನಿಗಿ ತಂದೀನಿ ಟೀಚರಮ್ಮಾ.”

ಅಕ್ಕ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಅದು ನಿಂತ ಮೇಲೆ ಮಾವ ಹಾಸ್ಯ ಬಿಟ್ಟ.

“ಮಾರೋದು ಬ್ಯಾಡ, ಲೀಜಿಗಿ ಕೊಡೂಣು,” ಅಂದ.

ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆಗಳ ಪಕ್ಕ ಕ್ಯಾಂಪು ಹಾಕಿಕೊಂಡು ನೆಲೆಸಿದವರು ನಮ್ಮ ಕಡೆ ಬಹಳ. ಹೊಲವನ್ನು ವರ್ಷಗಟ್ಟಲೆ ಲೀಜಿಗೆ ಹಿಡಿದು ಮುಂಗಡವಾಗಿ ಒಟ್ಟಿಗೆ ಹಣ ಕೊಡುತ್ತಾರೆ. ಅಂಥ ಒಬ್ಬ ಹಿರಿಯ ಮಾರನೆಯ ದಿನ ಬಂದು ಕೂತ. ಮಾತು ಮುಗಿಯುವ ಹೊತ್ತಿಗೆ ಅಕ್ಕ ತನ್ನದೊಂದು ಷರತ್ತು ಹಾಕಿದಳು: ಪ್ರತಿ ಸುಗ್ಗಿಗೆ ಆ ಹೊಲದ್ದೇ ಭತ್ತ ಒಂದು ಚೀಲ ಮನೆಗೆ ಬರಬೇಕು.

“ಎಂದುಕಮ್ಮಾ? ಅಂಗಡ್ಯಾಗ ಇದಕ್ಕಿಂತ ಸಣ್ಣಕ್ಕಿ ಸಿಗ್ತದಿ,” ಅಂದ ಆತ, ಅರ್ಧ ತೆಲುಗಿನಲ್ಲಿ.

“ನಮ್ಮವ್ವಗ ಅಂಗಡಿ ಅಕ್ಕಿ ಸೇರಂಗಿಲ್ರಿ.”

“ಹಂಗಂದ್ರ ಎರಡು ಚೀಲ ತಗೋರಮ್ಮಾ. ಮುದುಕರಿಗಿ ಇಲ್ಲ ಅನಬಾರದು.”

ಮುದುಕಿ ಯಾರೆಂದು ನಾವು ಯಾರೂ ಅವನಿಗೆ ತಿಳಿಸಲಿಲ್ಲ.

ಹೀಗೆ ಹಣದ ದಾರಿಯಾಯಿತು. ಆಸ್ಪತ್ರೆಯಿಂದ ದಿನವೂ ಗೊತ್ತಾಯಿತು. ಆಗ ಅಕ್ಕ ಒಲ್ಲೆನೆಂದಳು. ಹೆದರಿಕೆಯೇ ಎಂದರೆ ಅಲ್ಲ. ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

“ಹಿಡಿ ಅನ್ನಕ್ಕ ತುಂಬೋ ಹೊಟ್ಟಿ ಇಟಗೊಂಡು ನಾ ಏನು ಮಾಡ್ಲಿ? ಆ ಹಿಡಿ ನಂದೋ, ಅಕೀದೋ? ನಾ ಉಂಡ್ರ ಅಕಿ ಹಸಕೊಂಡಿರ್ತಾಳ. ಅಕೀಗಿ ಕೊಟ್ರ ನಾ ಸಾಯ್ತೀನಿ. ಈಗೇನು, ಇಬ್ಬರೂ ಉಣ್ಣಾಕತ್ತೀವಿ. ಉಸುರು ನಿಂತ್ರ ನಿಲ್ಲಲಿ.”

ಇದಕ್ಕೆ ಉತ್ತರವಾಗಿ ಹೇಳಬಹುದಾದ ವಿವೇಕದ ಮಾತುಗಳೆಲ್ಲ ನನ್ನ ಬಳಿ ಇದ್ದವು. ಸತ್ತವರಿಗೆ ಹಸಿವಿಲ್ಲ ಎಂದು ನಾನು ಹೇಳಬಹುದಿತ್ತು. ಇಪ್ಪತ್ತು ವರ್ಷದಿಂದ ಹೇಳಿದ್ದೇನೆ ಕೂಡ. ಅವತ್ತು ಬಾಯಿಂದ ಬಂದದ್ದು ಬೇರೆ.

“ಅವ್ವ ಹಸಕೊಂಡು ಹೋಗಿಲ್ಲ ಅಕ್ಕಾ. ಉಂಡಾಳ. ನಾ ನೋಡೀನಿ.”

ನಾದುವ ಕೈ ನಿಂತಿತು. ಈ ನೆನಪನ್ನು ಅದುವರೆಗೆ ಅವಳಿಗೆ ಯಾಕೆ ಹೇಳಿರಲಿಲ್ಲ? ಅವಳು ಅಷ್ಟು ಗಟ್ಟಿಯಾಗಿ ಹಸಿವು ಎನ್ನುವಾಗ ನನ್ನ ಮಬ್ಬು ಹೊಸ್ತಿಲಿಗೆ ಏನು ಬೆಲೆ ಎಂದು ನಾನೇ ಅದನ್ನು ಬದಿಗಿಟ್ಟಿದ್ದೆ.

“ಏನು ಉಂಡ್ಲು?”

“ಅನ್ನ.”

“ನಮ್ಮದು ಆಗ ಜ್ವಾಳದ ಮನಿ. ಹಬ್ಬ ಬಿಟ್ರ ಅಕ್ಕಿ ಕಂಡಿದ್ದಿಲ್ಲ. ಅನ್ನ ಎಲ್ಲಿಂದ ಬಂತು?”

“ಗೊತ್ತಿಲ್ಲ.”

“ಯಾರು ಉಣಿಸಿದ್ರು?”

“ಮುಖ ಕಾಣಲ್ಲ. ಕೈ ಅಷ್ಟ ಕಾಣ್ತದ.”

ಅವಳು ನನ್ನನ್ನೇ ನೋಡಿದಳು. ತಪ್ಪು ಲೆಕ್ಕ ಮಾಡಿಯೂ ಸರಿ ಉತ್ತರ ಬರೆದ ಮಗುವನ್ನು ಟೀಚರು ನೋಡುವಂತೆ.

“ಸುಳ್ಳಾಗಿದ್ರ ನೀ ಮುಖಾನೂ ಹೇಳ್ತಿದ್ದಿ,” ಅಂದಳು. “ಯಾರಾರ ಒಬ್ಬರ ಹೆಸರು ಹೇಳ್ತಿದ್ದಿ.”

ಮರುದಿನ ಆಪರೇಷನ್ನಿಗೆ ಒಪ್ಪಿಕೊಂಡಳು.

ಹೈದರಾಬಾದಿನ ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಮಾವ ಹನುಮಪ್ಪ ದೇವರನ್ನು ನೆನೆಯುತ್ತಾ ಕೂತಿದ್ದ. ನಾನು ನನ್ನ ಎರಡು ನೆನಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಒಳಗೆ ನನ್ನ ಮಾತು ನಂಬಿ ಒಬ್ಬಳು ಮೇಜಿನ ಮೇಲೆ ಮಲಗಿದ್ದಾಳೆ. ಆ ಮಾತು ನಿಜವೇ? ಕಾಲುವೆಯ ನೆನಪಿನಲ್ಲಿ ಅಪ್ಪನ ಹೆಗಲ ಮೇಲಿನ ನನ್ನನ್ನು ನಾನೇ ದೂರದಿಂದ ನೋಡುತ್ತೇನೆ, ಫೋಟೋ ನೋಡಿದಂತೆ. ತನ್ನನ್ನು ತಾನು ಹೊರಗಿನಿಂದ ಯಾರೂ ನೋಡಿರಲಾರರು. ಆದ್ದರಿಂದ ಅದು ಕಟ್ಟಿಕೊಂಡದ್ದು. ಹೊಸ್ತಿಲ ನೆನಪಿನಲ್ಲಿ ನನ್ನ ಕಣ್ಣಿನಿಂದಲೇ ನೋಡುತ್ತೇನೆ. ಆದ್ದರಿಂದ ಅದು ಕಂಡದ್ದು. ಹೀಗೆ ತರ್ಕ ಮಾಡಿ ಸಮಾಧಾನ ಪಟ್ಟೆ. ಸ್ವಲ್ಪ ಹೊತ್ತಿಗೆ ಮೂಗಿಗೆ ಅಪ್ಪನ ತಲೆಗೂದಲಿನ ವಾಸನೆ ಬಂತು. ಕಾಲುವೆಯ ಕೆಲಸದಲ್ಲಿ ಮೈಗೆ ಹತ್ತಿದ ಸಿಮೆಂಟು, ಬೆವರು. ಫೋಟೋಗೆ ವಾಸನೆ ಇರುವುದಿಲ್ಲ. ಎದ್ದು ಹೊರಗೆ ಹೋಗಿ ನಿಂತೆ.

ಆಪರೇಷನ್ ಚೆನ್ನಾಗಿ ಆಯಿತು. ಮೊದಲು ಚಮಚದಲ್ಲಿ ನೀರು, ಆಮೇಲೆ ಗಂಜಿ, ಆಮೇಲೆ ಮೆತ್ತಗೆ ಕಲಸಿದ ಅನ್ನ. ಶಹಾಪುರಕ್ಕೆ ಮರಳಿದ ಅಕ್ಕ ತಿಂಗಳು ತಿಂಗಳಿಗೆ ಕರಗಿದಳು. ಕುಪ್ಪಸಗಳಿಗೆ ಹೊಲಿಗೆ ಹಾಕಿಸಿ ಬಿಗಿ ಮಾಡಿಸಿಕೊಂಡಳು. ಒಂದು ದಿನ ಶಾಲೆಯಲ್ಲಿ ಕುರ್ಚಿಯನ್ನು ಗೋಡೆಗೆ ಸರಿಸಿ ಮಕ್ಕಳ ನಡುವೆ ನೆಲಕ್ಕೆ ಕೂತಳಂತೆ. ಮಾವ ಈಗ ಗೊರಕೆ ಹೊಡೆದು ಮಲಗುತ್ತಾನೆ, ಅಕ್ಕನದೇ ದೂರು.

ಗಟ್ಟಿ ಊಟ ಶುರುವಾದ ಮೇಲಿನ ಮೊದಲ ಅಮಾವಾಸ್ಯೆಗೆ ನನ್ನನ್ನು ಕರೆಸಿದಳು. ಅವ್ವನ ಹೊಲದ ಅಕ್ಕಿಯ ಅನ್ನ, ಹೋಳಿಗೆ, ತುಪ್ಪ. ಎಡೆಗೆ ಕೈಮುಗಿದು, ಎರಡು ಬೆರಳಿನಲ್ಲಿ ಚೂರು ಮುರಿದು ಬಾಯಿಗಿಟ್ಟುಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದಳು.

“ಉಳಿದಿದ್ದು ನೀ ಉಣ್ಣು.”

“ಹಿರಿಮಗಳೇ ಉಣಬೇಕಲ್ಲ?”

“ಉಂಡಾಳ ಅಂತ ಸಾಕ್ಷಿ ಹೇಳಿದಾವ ನೀನು. ನೀನೇ ಉಣಬೇಕು.”

ಅವತ್ತಿನಿಂದ ಪ್ರತಿ ಅಮಾವಾಸ್ಯೆ ಯಾದಗಿರಿಯಿಂದ ಬಸ್ಸು ಹತ್ತುತ್ತೇನೆ. ಭೀಮೆಯ ಸೇತುವೆ ದಾಟುವಾಗಲೇ ಹಸಿವು ಶುರುವಾಗುತ್ತದೆ. ದೇವರು ದೆವ್ವ ಯಾವುದನ್ನೂ ನಂಬದವನು ನಾನು. ಆದರೂ ಮನೆಯಲ್ಲಿ ಊಟ ಮುಗಿಸಿ ಕೈತೊಳೆದ ಮೇಲೆ ಒಂದು ಸಣ್ಣ ಹಸಿವು ಉಳಿಯತೊಡಗಿತು. ಅದು ನನ್ನದೆನ್ನಿಸುತ್ತಿರಲಿಲ್ಲ. ಹೊಸ್ತಿಲ ಹತ್ತಿರ ಯಾರೋ ತಟ್ಟೆಗಾಗಿ ಕಾಯುತ್ತಿರುವಂತೆ.

“ಅವ್ವ ಈಗ ನನ್ನ ಕನಸಿಗಿ ಬರಾಂಗಿಲ್ಲ,” ಅಂದಳು ಅಕ್ಕ ಒಮ್ಮೆ. “ನಿನ್ನ ಕಡಿ ಬರಾಕತ್ತಾಳೇನು?”

ಇಲ್ಲ ಅಂದೆ. ಊಟ ಮುಗಿದ ಮೇಲೂ ಎರಡನೆಯ ರೊಟ್ಟಿ ಮುರಿಯುತ್ತಿದ್ದ ನನ್ನ ಕೈಯನ್ನು ಅವಳು ನೋಡಿದಳು.

ಅಪ್ಪನೂ ಇಲ್ಲದ ಮೇಲೆ ಕೇಳಬಹುದಾದವರು ಒಬ್ಬರೇ ಉಳಿದಿದ್ದರು. ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ಖಾಲಾ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ನಾವೂ ಅವಳನ್ನು ಹಾಗೇ ಕರೆಯುತ್ತಿದ್ದೆವು. ಈಗ ಸುರಪುರದಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಗೊತ್ತಿತ್ತು. ಆಪರೇಷನ್ನಿಗೆ ಮೊದಲೇ ಹೋಗಬಹುದಿತ್ತು. ಅನ್ನವೂ ಇಲ್ಲ ಏನೂ ಇಲ್ಲ ಅಂದುಬಿಟ್ಟರೆ ಎಂಬ ಭಯಕ್ಕೆ ಹೋಗಿರಲಿಲ್ಲ. ಈಗ ಹಸಿವಿನ ಕಾಟಕ್ಕೆ ಹೋದೆ.

ಖಾಲಾ ಬಾಗಿಲ ಮುಂದಿನ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಕಣ್ಣು ಮಂಜಾಗಿತ್ತು, ದನಿ ಹಾಗೇ ಇತ್ತು. ಅನ್ನದ ಮಾತನ್ನು ನನ್ನ ಬಾಯಿಂದ ತೆಗೆಯಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಸಾಕ್ಷಿಯ ಬಾಯಿಗೆ ಉತ್ತರ ಹಾಕಬಾರದು.

“ಅವ್ವ ಹೋದ ದಿನ ನಿಮಗ ಏನು ನೆನಪದ ಖಾಲಾ?” ಅಂದೆ, ಅಷ್ಟೇ.

“ನೀರು ಬಂದಿತ್ತಲ್ಲ ಬೇಟಾ ಅವತ್ತ. ಊರಿಗೂರೇ ಖಾಲಿ. ನಿಮ್ಮಪ್ಪ ನಿನ್ನ ಹೆಗಲ ಮ್ಯಾಲೆ ಹೊತ್ಕೊಂಡು ಹೋದ. ರಾಜಾ ಕುಂತಂಗ ಕುಂತಿದ್ದಿ.”

“ನಾ ಮನ್ಯಾಗ ಇದ್ದಿದ್ದಿಲ್ಲೇನು?”

“ಎಲ್ಲಿ ಇರ್ತಿ? ಹೊತ್ತು ಮುಳುಗೋ ಮುಂದ ಬಂದಿ, ಚಡ್ಡಿ ತುಂಬ ಕೆಸರು. ಅಷ್ಟೊತ್ತಿಗಿ ಅಕಿ ಹೋಗಿದ್ಲು.”

ಹೊಸ್ತಿಲು ಅಲ್ಲಿಗೆ ಕುಸಿಯಿತು. ಅಕ್ಕನಿಗೆ ನಾನು ಕಾಣದ್ದನ್ನು ಕಂಡೆನೆಂದು ಹೇಳಿದ್ದೆ. ಎದ್ದುಬಿಡಬೇಕೆನ್ನಿಸಿತು. ಖಾಲಾ ಅಡಿಕೆಯ ಹೋಳು ನನ್ನ ಕೈಗಿಟ್ಟು ಮಾತು ಮುಂದುವರಿಸಿದಳು.

“ನಾ ಹೋಗಿದ್ದಿಲ್ಲ ನೀರು ನೋಡಾಕ. ನಮ್ಮನಿಯಾಗ ಅವತ್ತ ನಮ್ಮತ್ತಿ ಫಾತಿಹಾ. ಸತ್ತವರ ಹೆಸರಿಲೆ ಅಡಗಿ ಮಾಡಿ ಹಂಚ್ತೀವಲ್ಲ, ಅದು. ಅಕ್ಕಿ ತರ್ಸಿದ್ದೆ. ಮಧ್ಯಾಹ್ನ ನಿಮ್ಮಕ್ಕ ಓಡಿ ಬಂದ್ಲು, ಖಾಲಾ, ಅವ್ವ ಹಸಿವಿ ಅನ್ನಾಕತ್ತಾಳ ಅಂತ. ಬಿಸಿ ಅನ್ನ, ತುಪ್ಪ, ಸಕ್ಕರಿ ಹಾಕಿ ತಗೊಂಡು ಹೋದೆ. ನಾ ಹಿಂದಿಂದ ಎಬ್ಬಿಸಿ ಗ್ವಾಡಿಗಿ ಕುಂದರ್ಸಿದೆ. ಆ ಹುಡುಗಿ ತುತ್ತು ಮಾಡಿ ಉಣಿಸಿದ್ಲು. ಇನ್ನಷ್ಟು ಹಾಕವಾ ಅಂದ್ಲು ನಿಮ್ಮವ್ವ. ಹಾಕಿದ್ಲು. ಉಂಡು, ನೀರು ಕುಡದು, ಮಲಗಿದಾಕಿ ಏಳಲಿಲ್ಲ.”

“ಅಕ್ಕಗ ಇದು ನೆನಪಿಲ್ಲ ಖಾಲಾ.”

“ಹ್ಯಾಂಗ ಇರ್ತದ ಬೇಟಾ? ತನ್ನ ಕೈಲೆ ಉಂಡಾಕಿ ಕಣ್ಣೆದುರಿಗೇ ಹೋದ್ಲಲ್ಲ. ನೀ ಬಂದ ಕೂಡ್ಲೆ ನಿನ್ನ ಹಿಡಕೊಂಡು ಅದೇ ಹೇಳಿದ್ಲು, ಅವ್ವ ಅನ್ನ ಉಂಡಾಳ, ಅವ್ವ ಅನ್ನ ಉಂಡಾಳ ಅಂತ. ಆಮ್ಯಾಲೆ ಎಷ್ಟೋ ದಿನ ಮಾತೇ ಆಡ್ಲಿಲ್ಲ ಆ ಹುಡುಗಿ.”

ಸುರಪುರದಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಾಲುವೆ ಜೊತೆಜೊತೆಗೆ ಓಡಿ ಬಂತು. ಹಾಗಾದರೆ ಅಕ್ಕ ಅವತ್ತು ಹೇಳಿ ತಾನು ಮರೆತದ್ದನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿದ್ದೆ. ಒಬ್ಬರೇ ಸಾಕ್ಷಿ, ವಯಸ್ಸಾದವರು, ಎಷ್ಟೋ ವರ್ಷದ ಹಿಂದಿನ ಮಾತು. ನನ್ನ ಹುಡುಗರು ಇಷ್ಟನ್ನೇ ನಂಬಿ ಬರೆದರೆ ನಾನು ಅಂಕ ಕೊಡುವುದಿಲ್ಲ. ಹಾಗಾಗಿ ಮುಂದಿನ ರಜೆಯಲ್ಲಿ ಮತ್ತೆ ಹೋದೆ. ಈ ಸಲ ಖಾಲಾಳನ್ನು ಬಿಟ್ಟು, ಆಗ ಅಕ್ಕನ ಓರಗೆಯವಳಾಗಿದ್ದ ಅವಳ ಮಗಳನ್ನು ಬೇರೆಯಾಗಿ ಕೂರಿಸಿಕೊಂಡು, ಅಜ್ಜಿಯ ಫಾತಿಹಾದ ದಿನ ಮನೆಯ ಅನ್ನ ಯಾರು ಯಾರಿಗೆ ಹೋಯಿತು ಎಂದಷ್ಟೇ ಕೇಳಿದೆ. ಅವಳು ತಟ್ಟೆಯ ಹಿಂದೆ ತಾನೂ ನಮ್ಮ ಮನೆಗೆ ಹೋಗಿದ್ದಳಂತೆ, ಹೊಸ್ತಿಲಲ್ಲಿ ನಿಂತು ಅಕ್ಕ ತುತ್ತು ಉಣಿಸುವುದನ್ನು ನೋಡಿದ್ದಳಂತೆ.

ಪರಿಶೀಲಿಸಿ ಖಚಿತಪಡಿಸಿಕೊಂಡದ್ದು ಇಷ್ಟು: ಅವ್ವ ಉಂಡು ಹೋದಳು, ಉಣಿಸಿದ ಕೈ ಅಕ್ಕನದು.